ಲೇಔಟ್ ಚೆಂದ, ಫೋಟೋ ಮಾತ್ರ ಆಟಿಕೆ: ಯಾಕೆ ಹೀಗೆ?

ಪ್ರಶ್ನೆ: ನಾನು ಶಿರಸಿಯವನು. ಎರಡು ವರ್ಷದಿಂದ ಮನೆಯ ಮಾಳಿಗೆಯಲ್ಲಿ ಎಚ್‌ಒ ಅಳತೆಯ ಲೇಔಟ್, ಅಂದರೆ ಮೇಜಿನ ಮೇಲೆ ಮಾದರಿ ರೈಲು ಓಡುವ ಪುಟ್ಟ ಊರು, ಕಟ್ಟುತ್ತಿದ್ದೇನೆ. ಕ್ಯಾಸಲ್‌ರಾಕ್ ಘಟ್ಟದಲ್ಲಿ ಉಗಿ ಎಂಜಿನ್ ಓಡುತ್ತಿದ್ದ ಕಾಲದ್ದು. ಮನೆಗೆ ಬಂದು ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ಫೋಟೋ ತೆಗೆದರೆ ಮಾತ್ರ ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡು ತಂದ ಆಟಿಕೆ ಥರ ಕಾಣುತ್ತದೆ. ಒಳ್ಳೆಯ ಕ್ಯಾಮೆರಾ ತಗೊಳ್ಳಬೇಕಾ?

ಉತ್ತರ: ಬೇಡ. ದುಡ್ಡು ಕೈಯಲ್ಲೇ ಇರಲಿ. ಲೇಔಟ್ ಕಟ್ಟುವವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ. ನಾನೂ ಕೇಳಿದ್ದೆ. ನಿಮ್ಮ ಲೇಔಟಿನಲ್ಲಿ ದೊಡ್ಡ ತಪ್ಪೇನೂ ಇರಲಿಕ್ಕಿಲ್ಲ. ತಪ್ಪು ಇರುವುದು ಕ್ಯಾಮೆರಾ ನಿಂತ ಜಾಗದಲ್ಲಿ.

ಒಂದು ಸಣ್ಣ ಲೆಕ್ಕ ಮಾಡೋಣ. ಎಚ್‌ಒ ಅಂದರೆ ನಿಜದ ವಸ್ತುವಿನ 87ರಲ್ಲಿ ಒಂದು ಪಾಲು. ನಿಮ್ಮ ಮೇಜು ಎರಡೂವರೆ ಅಡಿ ಎತ್ತರ ಅಂದುಕೊಳ್ಳಿ. ನೀವು ನಿಂತುಕೊಂಡು ಮುಖದ ಎದುರು ಫೋನು ಹಿಡಿದರೆ ಅದು ಹಳಿಯಿಂದ ಸುಮಾರು 80 ಸೆಂ.ಮೀ. ಮೇಲಿರುತ್ತದೆ. 87ರಿಂದ ಗುಣಿಸಿ. ಹತ್ತಿರ ಹತ್ತಿರ 70 ಮೀಟರ್! ಅಷ್ಟು ಎತ್ತರದಿಂದ ರೈಲನ್ನು ಯಾರು ನೋಡುತ್ತಾರೆ? ಹೆಲಿಕಾಪ್ಟರಿನಲ್ಲಿ ಕೂತವರು ನೋಡಬೇಕು. ನಮಗೆಲ್ಲ ನೆನಪಿರುವ ರೈಲು ಪ್ಲಾಟ್‌ಫಾರಂ ಮೇಲೆ ನಿಂತು, ಗೇಟಿನ ಹತ್ತಿರ ಸೈಕಲ್ ಹಿಡಿದು, ಕತ್ತು ಎತ್ತಿ ನೋಡಿದ ರೈಲು. ಎಂಜಿನ್ನಿನ ಬೆನ್ನು ಕಾಣುವ ಫೋಟೋವನ್ನು ಮನಸ್ಸು ಒಪ್ಪುವುದೇ ಇಲ್ಲ. ಇದು ಮೇಜಿನ ಮೇಲಿನ ಸಾಮಾನು ಅಂತ ತಕ್ಷಣ ಹೇಳಿಬಿಡುತ್ತದೆ.

ನೆಲದ ಮೇಲೆ ನಿಂತ ಮನುಷ್ಯನ ಕಣ್ಣು ಒಂದೂವರೆ ಮೀಟರಿಗಿಂತ ಸ್ವಲ್ಪ ಮೇಲೆ. 87ರಿಂದ ಭಾಗಿಸಿದರೆ 18 ಮಿ.ಮೀ. ಹೆಬ್ಬೆರಳಿನಷ್ಟು ಅಗಲವೂ ಇಲ್ಲ. ನಿಮ್ಮ ಲೆನ್ಸ್ ಇರಬೇಕಾದ ಎತ್ತರ ಅದು. ದೊಡ್ಡ ಕ್ಯಾಮೆರಾದ ಲೆನ್ಸನ್ನು ಅಷ್ಟು ಕೆಳಗೆ ಇಳಿಸಲು ಆಗುವುದೇ ಇಲ್ಲ, ಅದರ ಹೊಟ್ಟೆಯೇ ಅದಕ್ಕಿಂತ ದಪ್ಪ. ಫೋನಿನಲ್ಲಿ ಆಗುತ್ತದೆ. ಅದರ ಲೆನ್ಸ್ ಮೇಲಿನ ಮೂಲೆಯಲ್ಲಿದೆ ಅಲ್ವಾ? ಫೋನನ್ನು ತಲೆಕೆಳಗೆ ಮಾಡಿ ಲೇಔಟಿನ ಮೇಲೇ ನಿಲ್ಲಿಸಿ. ಲೆನ್ಸ್ ಈಗ ನೆಲಕ್ಕೆ ತಾಗಿದಂತೆ ಇರುತ್ತದೆ. ತೆಗೆದ ಮೇಲೆ ಚಿತ್ರ ಉಲ್ಟಾ ಬಂದಿದ್ದರೆ ತಿರುಗಿಸಿಕೊಂಡರೆ ಆಯ್ತು. ಇದೊಂದನ್ನು ಇವತ್ತೇ ಮಾಡಿ ನೋಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಕೆಳಗಿಳಿದರೆ ಇನ್ನೊಂದು ಲಾಭ ಇದೆ. ಎಚ್‌ಒದಲ್ಲಿ ಎರಡು ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇದು ಹೊರದೇಶದ 1435 ಮಿ.ಮೀ. ಹಳಿಗೆ ಹೊಂದುವ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಅದಕ್ಕೆ ಹತ್ತೊಂಬತ್ತು ಚಿಲ್ಲರೆ ಬೇಕಿತ್ತು. ಕ್ಯಾಸಲ್‌ರಾಕಿನ ಹಳೆಯ ಹಳಿಯಂತೂ ಮೀಟರ್‌ಗೇಜ್, ಅದಕ್ಕೆ ಹನ್ನೊಂದೂವರೆ ಸಾಕು. ಅಂದರೆ ಅಂಗಡಿಯಲ್ಲಿ ಸಿಗುವ ಹಳಿ ನಮ್ಮ ಯಾವ ರೈಲಿಗೂ ಸರಿಯಾಗಿ ಕೂರುವುದಿಲ್ಲ. ಮೇಲಿನಿಂದ ಅಥವಾ ನೇರ ಎದುರಿನಿಂದ ತೆಗೆದರೆ ಗೊತ್ತಿದ್ದವರು ಹಿಡಿದುಬಿಡುತ್ತಾರೆ. ಕೆಳಗಿನಿಂದ, ಸ್ವಲ್ಪ ಪಕ್ಕಕ್ಕೆ ನಿಂತು ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಕೆಳಗಿಳಿದ ಕೂಡಲೇ ಹೊಸ ತಲೆನೋವು ಶುರು. ಎಂಜಿನ್ನಿನ ಹಿಂದೆ ಕಿಟಕಿ, ಕ್ಯಾಲೆಂಡರ್, ನೇತುಹಾಕಿದ ಛತ್ರಿ. ಹಿಂದಕ್ಕೆ ಒಂದು ಆಕಾಶ ಬೇಕೇ ಬೇಕು. ತೆಳು ನೀಲಿ ಬಣ್ಣ ಹೊಡೆದ ಹಾಳೆ ಸಾಕು, ಮೂಲೆಯಲ್ಲಿ ಮಡಿಕೆ ಬೀಳದ ಹಾಗೆ ಬಾಗಿಸಿ. ಕೆಳಗೆ ಬಿಳಿಚು, ಮೇಲೆ ಹೋದ ಹಾಗೆ ನೀಲಿ. ಬೆಟ್ಟ ಬರೆಯುವುದಾದರೆ ಎದ್ದು ಕಾಣುವ ಹಸಿರು ಬೇಡ. ಕಾರವಾರದ ಕಡಲದಂಡೆಯಲ್ಲಿ ನಿಂತು ದೂರದ ಗುಡ್ಡ ನೋಡಿ, ಅದು ಹಸಿರಾಗಿ ಕಾಣುತ್ತದೆಯೇ? ಬೂದಿ ಬೆರೆಸಿದ ನೀಲಿ. ನಡುವೆ ಇರುವ ಗಾಳಿ, ತೇವ ಎಲ್ಲ ಸೇರಿ ಬಣ್ಣ ತಿನ್ನುತ್ತವೆ. ಲೇಔಟಿನಲ್ಲಿ ನಡುವೆ ಇರುವುದು ಎರಡಡಿ ಗಾಳಿ, ಅದು ಏನನ್ನೂ ತಿನ್ನುವುದಿಲ್ಲ. ಅದರ ಕೆಲಸ ಕುಂಚ ಮಾಡಬೇಕು.

ಇನ್ನೊಂದು ವಿಷಯ ಹೆಚ್ಚಿನವರು ಮರೆಯುತ್ತಾರೆ. ನಾವು ಎಷ್ಟು ಎತ್ತರದಲ್ಲಿದ್ದರೂ ಕಡಲು ಆಕಾಶ ಕೂಡುವ ಗೆರೆ ನಮ್ಮ ಕಣ್ಣಿನ ಮಟ್ಟದಲ್ಲೇ ಕಾಣುತ್ತದೆ. ಹಾಗಾಗಿ ಹಾಳೆಯ ಮೇಲಿನ ಆ ಗೆರೆಯೂ ಲೆನ್ಸಿನ ಎತ್ತರಕ್ಕೇ ಬರಬೇಕು. ನಾನು ಮೊದಲು ಅದನ್ನು ಅರ್ಧ ಅಡಿ ಮೇಲೆ ಬರೆದಿದ್ದೆ. ಫೋಟೋದಲ್ಲಿ ಅರಬ್ಬೀ ಸಮುದ್ರ ಸ್ಟೇಷನ್ನಿನ ಮೇಲೆ ಸುರಿಯಲು ತಯಾರಾದ ಹಾಗೆ ನಿಂತಿತ್ತು.

ಅಂದಹಾಗೆ, ನನ್ನ ಆ ಲೇಔಟೇ ಒಂದು ಚೆಂದದ ಸುಳ್ಳು. ಕಾರವಾರದ ಕಾಳಿ ನದಿ ಸೇತುವೆಯ ಮೇಲೆ ಉಗಿ ಎಂಜಿನ್ ಓಡಿಸಿದ್ದೆ. ಕಾರವಾರಕ್ಕೆ ರೈಲು ಬಂದದ್ದೇ ಕೊಂಕಣ ರೈಲ್ವೆಯಿಂದ. ಆ ದಾರಿ ಪೂರ್ತಿ ತೆರೆದದ್ದು 1998ರಲ್ಲಿ. ಅಷ್ಟರಲ್ಲಿ ಉಗಿಯ ಕಾಲ ಮುಗಿದಿತ್ತು. ನಮ್ಮ ಜಿಲ್ಲೆಯಲ್ಲಿ ಕಲ್ಲಿದ್ದಲು ಹೊಗೆ ಕಂಡದ್ದು ಘಟ್ಟದ ಮೇಲಿನವರು, ಕ್ಯಾಸಲ್‌ರಾಕ್ ಮತ್ತು ದಾಂಡೇಲಿ ಕಡೆಯವರು. ನೀವು ರೈಲೇ ಇಲ್ಲದ ಶಿರಸಿಯಲ್ಲಿ ಕೂತು ಸರಿಯಾದ ಜಾಗವನ್ನೇ ಆರಿಸಿದ್ದೀರಿ.

ಈಗ ಮಸುಕಿನ ವಿಚಾರ. ಒಂದೂರಿನ ನಿಜವಾದ ಫೋಟೋ ತಗೊಂಡು ಮೇಲೆ ಕೆಳಗೆ ಮಸುಕು ಮಾಡಿದರೆ ಇಡೀ ಊರು ಗೊಂಬೆ ಊರಿನ ಥರ ಕಾಣುತ್ತದೆ. ಇದನ್ನು ಬೇಕಂತಲೇ ಮಾಡುವವರಿದ್ದಾರೆ. ಯಾಕೆ ಹಾಗೆ? ತೀರಾ ಹತ್ತಿರದಿಂದ ನೋಡಿದಾಗ ಮಾತ್ರ ಹಿಂದೆ ಮುಂದೆ ಎಲ್ಲ ಮಸುಕಾಗುತ್ತದೆ ಅಂತ ಕಣ್ಣಿಗೆ ಅಭ್ಯಾಸ. ನಮಗೆ ಬೇಕಾದದ್ದು ಇದರ ಉಲ್ಟಾ. ಮುಂದಿನ ಜಲ್ಲಿಯಿಂದ ಹಿಂದಿನ ಗುಡ್ಡದವರೆಗೆ ಎಲ್ಲ ಸ್ಪಷ್ಟ ಇರಬೇಕು.

ದೊಡ್ಡ ಕ್ಯಾಮೆರಾ ಕೈಕೊಡುವುದು ಇಲ್ಲೇ. ಸಾಮಾನ್ಯ ಡಿಎಸ್ಎಲ್ಆರ್‌ಗೆ 50 ಮಿ.ಮೀ. ಲೆನ್ಸ್ ಹಾಕಿ, ಲೆನ್ಸಿನ ತೂತನ್ನು ಎಫ್ 16ರಷ್ಟು ಸಣ್ಣ ಮಾಡಿ, 40 ಸೆಂ.ಮೀ. ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವುದು ಮೂರೂವರೆ ಸೆಂ.ಮೀ. ಆಳ ಅಷ್ಟೆ. ನಿಮ್ಮ ಎಂಜಿನ್ ಮತ್ತು ಟೆಂಡರ್ (ಹಿಂದಿನ ಕಲ್ಲಿದ್ದಲು, ನೀರಿನ ಗಾಡಿ) ಸೇರಿ 20 ಸೆಂ.ಮೀ. ದಾಟುತ್ತದೆ. ಮೂತಿ ಸರಿ ಬಂದರೆ ಬಾಲ ಮಂಜು. ಎಫ್ 22ಕ್ಕೆ ಹೋದರೆ ಆಳ ಸ್ವಲ್ಪ ಜಾಸ್ತಿಯಾಗುತ್ತದೆ, ಆದರೆ ಅಷ್ಟು ಸಣ್ಣ ತೂತಿನಲ್ಲಿ ಬೆಳಕು ಹರಡಿಕೊಂಡು ಇಡೀ ಚಿತ್ರದ ಹರಿತ ಕಡಿಮೆಯಾಗುತ್ತದೆ. ಫೋನಿನ ಲೆನ್ಸ್ ಪುಟ್ಟದು, ಅದರ ಸೆನ್ಸರ್ ಪುಟ್ಟದು. ಹಾಗಾಗಿ ಅದರಲ್ಲಿ ತಾನಾಗಿಯೇ ಆಳ ಜಾಸ್ತಿ. ಪೋರ್ಟ್ರೇಟ್ ಮೋಡ್ ಮಾತ್ರ ಮುಟ್ಟಬೇಡಿ. ಅದು ಬೇಕಂತಲೇ ಮಸುಕು ಹಾಕುತ್ತದೆ. ನಿಮ್ಮ ಫೋಟೋಗಳಲ್ಲಿ ಅರ್ಧದಷ್ಟು ಅದರಲ್ಲೇ ತೆಗೆದವು ಅಂತ ನನ್ನ ಅನುಮಾನ.

ಅದೂ ಸಾಲದಿದ್ದರೆ ಒಂದು ದಾರಿ ಇದೆ. ಕ್ಯಾಮೆರಾ ಅಲುಗಾಡದ ಹಾಗೆ ಇಡಿ. ಫೋಕಸ್ ಕೈಯಿಂದ ಬದಲಿಸುತ್ತಾ ಮುಂದಿನಿಂದ ಹಿಂದಕ್ಕೆ ಹತ್ತು ಹನ್ನೆರಡು ಫೋಟೋ ತೆಗೆಯಿರಿ. ಒಂದರಲ್ಲಿ ಎಂಜಿನ್ನಿನ ಮುಂದಿನ ಬಫರ್ ಸ್ಪಷ್ಟ, ಇನ್ನೊಂದರಲ್ಲಿ ಚಿಮಣಿ, ಮತ್ತೊಂದರಲ್ಲಿ ಟೆಂಡರ್. ಆಮೇಲೆ ಕಂಪ್ಯೂಟರಿನಲ್ಲಿ ಪ್ರತಿಯೊಂದರ ಸ್ಪಷ್ಟ ಭಾಗ ಮಾತ್ರ ಸೇರಿಸಿ ಒಂದು ಮಾಡುವುದು. ಫೋಕಸ್ ಸ್ಟ್ಯಾಕಿಂಗ್ ಅನ್ನುತ್ತಾರೆ. ಫೋಟೋಶಾಪ್, ಹೆಲಿಕಾನ್ ಫೋಕಸ್ ಎರಡರಲ್ಲೂ ಆಗುತ್ತದೆ. ಗುಂಡಿ ಒತ್ತುವಾಗ ಕೈ ತಾಗಿ ಅಲುಗಿದರೆ ಕೆಡುತ್ತದೆ, ಎರಡು ಸೆಕೆಂಡಿನ ಟೈಮರ್ ಹಾಕಿ.

ಬೆಳಕಿಗೆ ಬರೋಣ. ಮಾಳಿಗೆಯಲ್ಲಿ ಎರಡು ಟ್ಯೂಬ್‌ಲೈಟ್, ಒಂದು ಬಲ್ಬು ಇರಬಹುದು. ಎಂಜಿನ್ನಿಗೆ ಮೂರು ನೆರಳು. ಮೂರು ಸೂರ್ಯ ಇರುವ ಊರು ಎಲ್ಲಿದೆ? ಒಂದೇ ದೀಪ ಇರಲಿ, ದೂರದಲ್ಲಿರಲಿ. ಎಷ್ಟು ದೂರ ಅಂದರೆ, ಸೂರ್ಯ ತನ್ನ ಅಗಲದ ಸುಮಾರು 108 ಪಟ್ಟು ದೂರದಲ್ಲಿದ್ದಾನೆ. 6 ಸೆಂ.ಮೀ. ಬಲ್ಬು ಅದೇ ಥರದ ಹರಿತ ನೆರಳು ಕೊಡಬೇಕಾದರೆ ಆರೂವರೆ ಮೀಟರ್ ದೂರ ಇರಬೇಕು. ಅಷ್ಟು ದೊಡ್ಡ ಕೋಣೆ ಯಾರಿಗಿದೆ?

ಅದಕ್ಕೇ ನಾನು ಸೂರ್ಯನನ್ನೇ ಬಳಸುತ್ತೇನೆ. ಲೇಔಟಿನಲ್ಲಿ 87ರಿಂದ ಭಾಗಿಸಬೇಕಾಗಿಲ್ಲದ ಸಾಮಾನು ಅದೊಂದೇ. ಮೂರಡಿ ಉದ್ದದ ಒಂದು ತುಂಡನ್ನು ಬೇರೆ ಹಲಗೆಯ ಮೇಲೆ ಕಟ್ಟಿಕೊಂಡಿದ್ದೇನೆ, ಹೊತ್ತುಕೊಂಡು ತಾರಸಿಗೆ ಹೋಗುವ ಹಾಗೆ. ಬೆಳಿಗ್ಗೆ ಎಂಟರ ಒಳಗೆ ಬಿಸಿಲು ಓರೆಯಾಗಿ ಬೀಳುತ್ತದೆ, ಎಂಜಿನ್ನಿನ ಚಕ್ರ, ಕಡ್ಡಿ ಎಲ್ಲ ಎದ್ದು ಕಾಣುತ್ತವೆ. ಹಿಂದಕ್ಕೆ ನಿಜವಾದ ಗುಡ್ಡ, ನಿಜವಾದ ಮೋಡ. ಹಲಗೆಯ ಹಿಂಭಾಗದ ಅಂಚನ್ನು ಒಂದು ಸಾಲು ಪೊದೆಯಿಂದ ಮುಚ್ಚಿದರೆ ಎಲ್ಲಿ ಲೇಔಟ್ ಮುಗಿದು ಎಲ್ಲಿ ಸದಾಶಿವಗಡ ಶುರುವಾಯಿತು ಗೊತ್ತಾಗುವುದಿಲ್ಲ. ಕಡಲಗಾಳಿಯ ಬಗ್ಗೆ ಎಚ್ಚರ. ಒಮ್ಮೆ ನನ್ನ ಆರು ತೆಂಗಿನಮರ ಪಕ್ಕದ ಮನೆಯವರ ತುಳಸಿಕಟ್ಟೆಗೆ ಹೋಗಿ ಬಿದ್ದಿದ್ದವು.

ತೆಂಗಿನಮರ ಅಂದಾಗ ನೆನಪಾಯ್ತು. 20 ಮೀಟರಿನ ತೆಂಗು ಎಚ್‌ಒದಲ್ಲಿ 23 ಸೆಂ.ಮೀ. ಇರಬೇಕು. ನಾವೆಲ್ಲ ಹತ್ತು ಸೆಂ.ಮೀ. ಮಾಡಿ ಸುಮ್ನಾಗುತ್ತೇವೆ. ಪಕ್ಕದಲ್ಲಿ ಅಷ್ಟು ಗಿಡ್ಡ ಮರ ಇಟ್ಟರೆ ಎಂಜಿನ್ ಆಟಿಕೆಯಾಗದೆ ಇನ್ನೇನಾಗುತ್ತದೆ? ನಿಮ್ಮಲ್ಲಿ ಅಡಿಕೆಗೆ ಬರವಿಲ್ಲ, ತೋಟಕ್ಕೆ ಹೋಗಿ ಒಂದು ಮರದ ಕೆಳಗೆ ನಿಂತು ತಲೆ ಎತ್ತಿ ನೋಡಿ ಬನ್ನಿ. ಆಮೇಲೆ ಮಾಡಿ.

ಜಲ್ಲಿಯದೂ ಇದೇ ಕಥೆ. ಹಳಿಯ ಕೆಳಗಿನ 5 ಸೆಂ.ಮೀ. ಜಲ್ಲಿ ಎಚ್‌ಒದಲ್ಲಿ ಅರ್ಧ ಮಿ.ಮೀ.ಗಿಂತ ಸ್ವಲ್ಪ ದಪ್ಪ. ಅಂದರೆ ಮರಳು, ಅದೂ ಚಾ ಸೋಸುವ ಜರಡಿಯಲ್ಲಿ ಇಳಿದದ್ದು. ಮನೆ ಎದುರು ಕಡಲು ಇರುವಾಗ ಮರಳು ಕೊಳ್ಳುವುದೇಕೆ ಅಂತ ನಾನು ಚೀಲ ತುಂಬಿಸಿ ತಂದೆ. ಫೆವಿಕಾಲ್‌ಗೆ ಅಷ್ಟೇ ನೀರು ಸೇರಿಸಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ, ಹನಿ ಹನಿಯಾಗಿ ಬಿಟ್ಟು ಅಂಟಿಸಿದೆ. ನೋಡಲು ಭಾರಿ ಚೆಂದ. ತಿಂಗಳೊಳಗೆ ಎಂಜಿನ್ ಕಿರುಗುಟ್ಟಿ ನಿಂತಿತು. ಬಿಚ್ಚಿದರೆ ಮೋಟರಿನ ಮ್ಯಾಗ್ನೆಟ್ಟಿಗೆ ಕಪ್ಪು ಕಣ ಮೀಸೆಯ ಹಾಗೆ ಅಂಟಿದೆ. ಕಡಲ ಮರಳಿನಲ್ಲಿ ಕಬ್ಬಿಣದ ಅಂಶ ಇರುವ ಕಣ ಇರುತ್ತವೆ, ಅಂಟು ಬಿಟ್ಟ ಕಡೆ ಹಾರಿ ಮೋಟರಿಗೆ ಹೋಗುತ್ತವೆ. ಮೇಲಿಂದ ಉಪ್ಪು ಬೇರೆ. ಮಳೆಗಾಲದಲ್ಲಿ ಅದು ತೇವ ಎಳೆದು ಮೊಳೆ, ಸ್ಕ್ರೂ ಎಲ್ಲ ತುಕ್ಕು. ಈಗ ಮೂರು ನೀರಿನಲ್ಲಿ ತೊಳೆದು, ಒಣಗಿಸಿ, ಕಾಗದದ ಮೇಲೆ ಹರಡಿ ಹಳೆ ಸ್ಪೀಕರಿನ ಮ್ಯಾಗ್ನೆಟ್ ಆಡಿಸಿ, ಆಮೇಲೆ ಜರಡಿ. ನೀವು ಘಟ್ಟದ ಮೇಲಿನವರು, ಹೊಳೆ ಮರಳು ಸಿಕ್ಕರೂ ಮ್ಯಾಗ್ನೆಟ್ ಆಡಿಸದೆ ಹಾಕಬೇಡಿ.

ಎಂಜಿನ್ನಿನ ಹೊಳಪನ್ನೂ ಕೊಲ್ಲಬೇಕು. ಪ್ಲಾಸ್ಟಿಕ್ಕಿನ ಮಿಂಚು ಒಂದೇ ನೋಟಕ್ಕೆ ಗುಟ್ಟು ಬಿಡುತ್ತದೆ. ಹೊಳಪಿಲ್ಲದ ವಾರ್ನಿಷ್ ತೆಳುವಾಗಿ ಹೊಡೆದು, ಇದ್ದಿಲು ಪುಡಿಯನ್ನು ಒಣ ಕುಂಚದಲ್ಲಿ ಉಜ್ಜಿ. ಚಿಮಣಿ ಸುತ್ತ ಮಸಿ, ಕೆಳಗೆ ಕೆಂಪು ಮಣ್ಣಿನ ಧೂಳು. ಬಾಯ್ಲರಿನ ಕವಾಟದ ಕೆಳಗೆ ತೆಳು ಬಿಳಿ ಗೆರೆ, ಗಡಸು ನೀರು ಸೋರಿ ಒಣಗಿದ ಕಲೆ ಅದು. ಇದೊಂದು ಕೆಲಸ ಮಾಡುತ್ತಾ ಕೂತರೆ ನನಗೆ ಊಟ ನೆನಪಾಗುವುದಿಲ್ಲ.

ಹೊಗೆ ಹಾಕಲೇಬೇಕಾ ಅಂತ ನೀವು ಮುಂದೆ ಕೇಳುತ್ತೀರಿ, ಗೊತ್ತು. ಎಂಜಿನ್ನಿನೊಳಗೆ ಎಣ್ಣೆ ಕಾಯಿಸಿ ಹೊಗೆ ಬಿಡುವ ಉಪಕರಣ ಸಿಗುತ್ತದೆ. ನನಗೆ ಇಷ್ಟವಿಲ್ಲ. ಹೊಗೆಯ ಸುಳಿಗಳನ್ನು 87ರಿಂದ ಭಾಗಿಸಲು ಬರುವುದಿಲ್ಲ, ಬೀಡಿ ಸೇದಿದ ಹಾಗೆ ಕಾಣುತ್ತದೆ. ಅದಕ್ಕಿಂತ ಕಪ್ಪು ಬಟ್ಟೆಯ ಎದುರು ಊದುಬತ್ತಿಯ ಹೊಗೆಯ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಎಂಜಿನ್ನಿನ ಫೋಟೋ ಮೇಲೆ ಸ್ಕ್ರೀನ್ ಮೋಡಿನಲ್ಲಿ ಕೂರಿಸಿ. ಕಪ್ಪು ಮಾಯವಾಗಿ ಹೊಗೆ ಮಾತ್ರ ಉಳಿಯುತ್ತದೆ. ಒಂದು ಮಾತು ಮಾತ್ರ ನೆನಪಿರಲಿ. ಕ್ಯಾಸಲ್‌ರಾಕ್ ಘಟ್ಟದ ಏರು 37ಕ್ಕೆ 1. ನಿಮ್ಮ ಲೇಔಟಿನಲ್ಲಿ ಮೀಟರಿಗೆ 2.7 ಸೆಂ.ಮೀ. ಏರಿದ ಹಾಗೆ. ಗೋವಾ ಕಡೆಯಿಂದ ಹತ್ತಿ ಬರುವ ಎಂಜಿನ್ ಜೀವ ಬಿಟ್ಟು ಎಳೆಯುತ್ತದೆ, ನಿಧಾನ ಇರುತ್ತದೆ. ಹೊಗೆ ದಟ್ಟವಾಗಿ ಮೇಲಕ್ಕೆ ಹೋಗಬೇಕು. ಇಳಿಯುವ ಎಂಜಿನ್ನಿಗೆ ಹೊಗೆ ಹೆಚ್ಚೇನೂ ಇಲ್ಲ. ಇಳಿಯುವ ರೈಲಿಗೆ ಕಂಬದಂಥ ಹೊಗೆ ಹಾಕಿದ ಫೋಟೋ ಎಷ್ಟೋ ನೋಡಿದ್ದೇನೆ.

ಕೊನೆಗೆ, ಗುಂಡಿ ಒತ್ತುವ ಮೊದಲು ಕುಂಚ ತಗೊಂಡು ಒಮ್ಮೆ ಗುಡಿಸಿ. ತಲೆಕೂದಲೊಂದು ಹಳಿಯ ಮೇಲಿದ್ದರೆ ಆ ಊರಿನಲ್ಲಿ ಅದು 6 ಮಿ.ಮೀ. ದಪ್ಪದ ಹಗ್ಗ. ನನ್ನ ಅತ್ಯಂತ ಒಳ್ಳೆಯ ಫೋಟೋದಲ್ಲಿ ಪ್ಲಾಟ್‌ಫಾರಂ ಮೇಲೆ ಒಂದು ನಾಯಿ ಮಲಗಿದೆ ಅಂತ ಎಲ್ಲರೂ ಮೆಚ್ಚಿದ್ದರು. ನಾನು ನಾಯಿ ಇಟ್ಟಿರಲಿಲ್ಲ. ದೊಡ್ಡದು ಮಾಡಿ ನೋಡಿದರೆ ಗೊದ್ದದ ಇರುವೆ.