ಕ್ಲೀನರ್ ಹುಡುಗನ ಸೋಮಾರಿತನ ಮತ್ತು ಒಂದು ಗುಣಾಕಾರ

ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಮುಂಬಯಿಯ ಮಾಟುಂಗದ ಒಂದು ಉಡುಪಿ ಹೋಟೆಲು ಎಂದಿಟ್ಟುಕೊಳ್ಳಿ. ಬಾಗಿಲಲ್ಲಿ ಗಿರಾಕಿಗಳ ಸಾಲು. ಒಳಗೆ ನಾಲ್ಕು ಮೇಜು ಖಾಲಿಯಾಗಿವೆ, ಆದರೆ ಅವುಗಳ ಮೇಲೆ ಎಂಜಲು ತಟ್ಟೆ, ಚೆಲ್ಲಿದ ಸಾಂಬಾರು ಹಾಗೇ ಇದೆ. ಕ್ಲೀನರ್ ಹುಡುಗ ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ನಿಂತಿದ್ದಾನೆ. ಗಲ್ಲಾದಲ್ಲಿ ಕೂತ ಧನಿಗಳ ಬಾಯಿಗೆ ಮೊದಲು ಬರುವ ಮಾತು, "ಶುದ್ಧ ಸೋಮಾರಿ."

ಈ ಮಾತೂ ಒಂದು ಸಿದ್ಧಾಂತವೇ, ಆದರೆ ಕೆಲಸಕ್ಕೆ ಬಾರದ ಸಿದ್ಧಾಂತ. ಅವನೇಕೆ ನಿಂತ? ಸೋಮಾರಿ. ಸೋಮಾರಿ ಅಂತ ಹೇಗೆ ಗೊತ್ತು? ನಿಂತಿದ್ದಾನಲ್ಲ. ಹೀಗೆ ತನ್ನ ಬಾಲವನ್ನೇ ಹಿಡಿದು ಸುತ್ತುವ ವಿವರಣೆ ತಪ್ಪೆಂದು ತೋರಿಸಲು ಯಾವ ದಾರಿಯೂ ಇರುವುದಿಲ್ಲ. ಹುಡುಗನನ್ನು ಬದಲಿಸುವುದರ ಹೊರತು ಬೇರೆ ಉಪಾಯವನ್ನೂ ಅದು ಹೇಳಿಕೊಡುವುದಿಲ್ಲ. ಬೇರೆಯವರ ನಡತೆಗೆ ಕಾರಣವನ್ನು ಅವರ ಸ್ವಭಾವದಲ್ಲೇ ಹುಡುಕಿ, ಸುತ್ತಲಿನ ಪರಿಸ್ಥಿತಿಯನ್ನು ಮರೆಯುವ ಈ ಚಾಳಿಗೆ ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ಒಂದು ಹೆಸರನ್ನೇ ಕೊಟ್ಟರು: ಆರೋಪಣೆಯ ಮೂಲಭೂತ ದೋಷ. ನಡತೆ ಎನ್ನುವುದು ವ್ಯಕ್ತಿ ಮತ್ತು ಪರಿಸರ ಎರಡೂ ಸೇರಿ ಆಗುವ ಫಲ ಎಂದು ಕರ್ಟ್ ಲೆವಿನ್ 1936ರಲ್ಲೇ ಸೂತ್ರರೂಪದಲ್ಲಿ ಬರೆದಿಟ್ಟಿದ್ದರು.

ಪರಿಸರದಲ್ಲಿ ಎಲ್ಲಿ ಕೈಹಾಕಬೇಕು ಎಂದು ತೋರಿಸುವ ಮಾದರಿಗಳಲ್ಲಿ ನನಗೆ ಹೆಚ್ಚು ಉಪಯುಕ್ತ ಅನಿಸುವುದು ವಿಕ್ಟರ್ ವ್ರೂಮ್ 1964ರಲ್ಲಿ ಮಂಡಿಸಿದ ನಿರೀಕ್ಷಾ ಸಿದ್ಧಾಂತ. ಅದು ಕೇಳುವುದು ಮೂರೇ ಪ್ರಶ್ನೆ. ನಾನು ಪ್ರಯತ್ನಪಟ್ಟರೆ ಕೆಲಸ ಆಗುತ್ತದೆಯೇ? ಇದು ನಿರೀಕ್ಷೆ. ಕೆಲಸ ಆದರೆ ಹೇಳಿದ ಫಲ ಕೈಗೆ ಬರುತ್ತದೆಯೇ? ಇದು ಕೊಂಡಿ. ಬಂದ ಫಲ ನನಗೆ ಬೇಕಾದದ್ದೇ? ಇದು ಬೆಲೆ. ಈ ಮೂರನ್ನು ಕೂಡಿಸುವುದಲ್ಲ, ಗುಣಿಸುವುದು. ಹಾಗಾಗಿ ಒಂದು ಸೊನ್ನೆಯಾದರೆ ಉಳಿದೆರಡು ಎಷ್ಟೇ ದೊಡ್ಡದಿದ್ದರೂ ಲೆಕ್ಕ ಸೊನ್ನೆಗೇ ಬಂದು ನಿಲ್ಲುತ್ತದೆ.

ನಮ್ಮ ಹೋಟೆಲಿಗೆ ಇದನ್ನು ಹಚ್ಚಿ ನೋಡೋಣ. ಪ್ರತಿ ಮೇಜನ್ನೂ ಮೂರು ನಿಮಿಷದೊಳಗೆ ಒರೆಸಿದರೆ ತಿಂಗಳಿಗೆ 1000 ರೂಪಾಯಿ ಹೆಚ್ಚು ಎಂದು ಧನಿಗಳು ಹೇಳಿದ್ದಾರೆ. ಹಣ ಹುಡುಗನಿಗೆ ಬೇಕೇ ಬೇಕು, ಬೆಲೆಗೆ ಹತ್ತರಲ್ಲಿ 8 ಕೊಡೋಣ. ಕಳೆದ ಸಲ ಕೊಡುತ್ತೇನೆಂದ ಹಣ ಎರಡು ತಿಂಗಳು ತಡವಾಗಿತ್ತು, ಕೊಂಡಿ 0.5. ಇನ್ನು ನಿರೀಕ್ಷೆ. ಎಂಜಲು ತಟ್ಟೆ ಹಾಕುವ ಟಬ್ಬು ಒಂದೇ, ಅದು ತುಂಬಿದೆ. ಕಟ್ಟೆಯಲ್ಲಿ ತೊಳೆಯುವವನು ಖಾಲಿ ಮಾಡಿಕೊಡುವವರೆಗೆ ಇವನು ಕಾಯಲೇಬೇಕು. ಮೂರು ನಿಮಿಷದಲ್ಲಿ ಆಗದ ಮಾತು ಎಂದು ಅವನಿಗೆ ಚೆನ್ನಾಗಿ ಗೊತ್ತು, 0.2. ಗುಣಿಸಿದರೆ 0.8. ಹಣವನ್ನು ದುಪ್ಪಟ್ಟು ಮಾಡಿ ಬೆಲೆ 9ಕ್ಕೆ ಏರಿದರೂ ಸಿಗುವುದು 0.9. ಅದರ ಬದಲು ಇನ್ನೊಂದು ಟಬ್ಬು, ಇನ್ನೆರಡು ಒರೆಸುವ ಬಟ್ಟೆ ತಂದಿಟ್ಟು ನಿರೀಕ್ಷೆ 0.8 ಆಯಿತೆನ್ನಿ, ಲೆಕ್ಕ 3.2ಕ್ಕೆ ಹೋಗುತ್ತದೆ. ಹೇಳಿದ ತಾರೀಕಿಗೆ ಹಣ ಕೊಟ್ಟು ಕೊಂಡಿ 0.9 ಆದರೆ 5.76. ಸಮಸ್ಯೆ ಹುಡುಗನ ಮನಸ್ಸಿನಲ್ಲಿರಲಿಲ್ಲ, ಟಬ್ಬಿನಲ್ಲಿತ್ತು.

ಈ ಅಂಕಿಗಳನ್ನು ತಕ್ಕಡಿಯಲ್ಲಿ ತೂಗಿದ ಅಕ್ಕಿಯಂತೆ ನಂಬಬಾರದು. 77 ಅಧ್ಯಯನಗಳನ್ನು ಒಟ್ಟುಗೂಡಿಸಿ 1996ರಲ್ಲಿ ಮಾಡಿದ ವಿಶ್ಲೇಷಣೆಯೊಂದರಲ್ಲಿ, ಗುಣಿಸಿ ಬಂದ ಅಂಕಿ ಬಿಡಿ ಭಾಗಗಳಿಗಿಂತ ಚೆನ್ನಾಗಿ ಮುನ್ಸೂಚನೆ ಕೊಡುವುದಿಲ್ಲ ಎಂದು ಕಂಡುಬಂತು. ಒಬ್ಬನ ಅಂಕವನ್ನು ಇನ್ನೊಬ್ಬನ ಅಂಕದೊಂದಿಗೆ ಹೋಲಿಸುವುದಕ್ಕಿಂತ, ಒಬ್ಬನೇ ಮನುಷ್ಯ ತನ್ನ ಮುಂದಿರುವ ದಾರಿಗಳಲ್ಲಿ ಯಾವುದನ್ನು ಆರಿಸುತ್ತಾನೆ ಎಂದು ನೋಡುವಾಗಲೇ ಸಿದ್ಧಾಂತ ಹೆಚ್ಚು ಸರಿಹೊಂದಿತು. ಹಾಗಾಗಿ ಇದು ಸಂಬಳ ನಿರ್ಧರಿಸುವ ಯಂತ್ರವಲ್ಲ. ದೀಪ ಉರಿಯದಿದ್ದಾಗ ತಂತಿ ಎಲ್ಲಿ ಕಡಿದಿದೆ ಎಂದು ನೋಡುವ ಟೆಸ್ಟರಿನಂತೆ ಬಳಸಬೇಕಾದದ್ದು.

ಕೊಂಡಿಗೆ ಎಷ್ಟು ಬಲವಿದೆ ಎಂದು ತಿಳಿಯಲು ಮುಂಬಯಿ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದು ಫೋರ್ಟ್ ಪ್ರದೇಶದ ಹೋಟೆಲುಗಳಲ್ಲಿ ಹಗಲೆಲ್ಲ ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗರ ತಲೆಮಾರುಗಳೇ ಇದ್ದವು. ಮಲಗಲು ಹೋಟೆಲಿನದೇ ಮೇಜು ಬೆಂಚು, ಕೈಯಲ್ಲಿ ಕಾಸಿಲ್ಲ, ನಾಳೆ ಕೆಲಸ ಇರುತ್ತದೆಂಬ ಭರವಸೆಯೂ ಇಲ್ಲ. ಆದರೂ ಓದಿದರು. ತನ್ನದೇ ಹೋಟೆಲಿನಲ್ಲಿ ಲೋಟ ತೊಳೆದವನೊಬ್ಬ ರಾತ್ರಿ ಶಾಲೆ ಮುಗಿಸಿ ಬ್ಯಾಂಕಿಗೆ ಸೇರಿದ್ದನ್ನು ಕಣ್ಣಾರೆ ಕಂಡವನಿಗೆ, ಓದಿಗೂ ಕೆಲಸಕ್ಕೂ ಇರುವ ಕೊಂಡಿ ಗಟ್ಟಿ. ಯಾರೂ ಭಾಷಣ ಮಾಡಿ ಹುರಿದುಂಬಿಸಬೇಕಾಗಿರಲಿಲ್ಲ.

ಬಹಳಷ್ಟು ತರಬೇತಿ ಶಿಬಿರಗಳಲ್ಲಿ ಮನೋವಿಜ್ಞಾನಿ ಅಬ್ರಹಾಂ ಮಾಸ್ಲೋ ಹೆಸರಿನಲ್ಲಿ ತೋರಿಸುವ ಪಿರಮಿಡ್ಡು ಈ ಹುಡುಗರ ಮುಂದೆ ನಿಲ್ಲುವುದಿಲ್ಲ. ಹೊಟ್ಟೆ, ಭದ್ರತೆ, ಪ್ರೀತಿ, ಮರ್ಯಾದೆ, ಕೊನೆಗೆ ಆತ್ಮಸಾಕ್ಷಾತ್ಕಾರ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು ಎನ್ನುತ್ತದೆ ಆ ಚಿತ್ರ. ಇದರಲ್ಲಿ ಮಾಸ್ಲೋ ಅವರಿಗೂ ಅನ್ಯಾಯವಾಗಿದೆ. 1943ರ ಅವರ ಲೇಖನದಲ್ಲಿ ಪಿರಮಿಡ್ ಇಲ್ಲ. ಕೆಳಗಿನ ಅಗತ್ಯ ನೂರಕ್ಕೆ ನೂರು ತೀರಿದ ಮೇಲೇ ಮುಂದಿನದು ಹುಟ್ಟುತ್ತದೆ ಎಂಬ ಮಾತನ್ನು ಅವರು ಅಲ್ಲೇ ನಿರಾಕರಿಸಿದ್ದಾರೆ.

ಇನ್ನು ಟಿಪ್ಸಿನ ವಿಚಾರ. ಗಿರಾಕಿ ಬಿಟ್ಟುಹೋದ ಚಿಲ್ಲರೆ ಸಪ್ಲೈಯರಿನ ಜೇಬಿಗೆ, ಅದೇ ಮೇಜು ಒರೆಸಿದವನಿಗೆ ಏನೂ ಇಲ್ಲ. ಮನೋವಿಜ್ಞಾನಿ ಜಾನ್ ಸ್ಟೇಸಿ ಆಡಮ್ಸ್ 1963ರಲ್ಲಿ ಹೇಳಿದ್ದು ಇದನ್ನೇ: ಮನುಷ್ಯ ತನಗೆ ಸಿಕ್ಕಿದ್ದನ್ನಷ್ಟೇ ಎಣಿಸುವುದಿಲ್ಲ, ತಾನು ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಇರುವ ಪ್ರಮಾಣವನ್ನು ಇನ್ನೊಬ್ಬನ ಪ್ರಮಾಣದ ಪಕ್ಕ ಇಟ್ಟು ನೋಡುತ್ತಾನೆ. ಸಮವಿಲ್ಲ ಅನಿಸಿದರೆ ಕೆಲಸ ಕಡಿಮೆ ಮಾಡಿ ತಾನೇ ಸಮ ಮಾಡಿಕೊಳ್ಳುತ್ತಾನೆ, ಇಲ್ಲವೇ ಬಿಟ್ಟು ಹೋಗುತ್ತಾನೆ. ಧನಿಗಳು ಸಾಮಾನ್ಯವಾಗಿ ಎಡವುವುದು ಆ 'ಇನ್ನೊಬ್ಬ' ಯಾರು ಎಂಬಲ್ಲಿ. ಎದುರು ಹೋಟೆಲಿಗಿಂತ ನಾವು ಹೆಚ್ಚು ಕೊಡುತ್ತೇವಲ್ಲ ಎಂದು ಅವರ ಸಮಾಧಾನ. ಹುಡುಗ ಹೋಲಿಸಿಕೊಳ್ಳುವುದು ಪುಣೆಯಲ್ಲಿ ದುಡಿಯುವ ತನ್ನೂರಿನ ಗೆಳೆಯನೊಂದಿಗೆ. ಕೇಳದೆ ಇದು ಗೊತ್ತಾಗುವುದಿಲ್ಲ.

ದಂಡ ಹಾಕುವವರಿಗೆ ಇಸ್ರೇಲಿನ ಹೈಫಾದ ಶಿಶುವಿಹಾರಗಳ ಪ್ರಯೋಗ ಗೊತ್ತಿರಬೇಕು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಸಣ್ಣ ದಂಡ ಹಾಕಿದರು. ತಡವಾಗಿ ಬರುವವರು ಸುಮಾರು ಇಮ್ಮಡಿಯಾದರು. ದಂಡ ತೆಗೆದ ಮೇಲೂ ಆ ಸಂಖ್ಯೆ ಇಳಿಯಲಿಲ್ಲ. 2000ದಲ್ಲಿ ಪ್ರಕಟವಾದ ಫಲಿತಾಂಶ ಇದು. ಮುಲಾಜು ಇದ್ದ ಕಡೆ ದರ ಬಂದು ಕೂತಿತ್ತು. ತಡವಾಗಿ ಬಂದವನ ಸಂಬಳದಲ್ಲಿ 20 ರೂಪಾಯಿ ಹಿಡಿದರೆ, 20 ರೂಪಾಯಿಗೆ ಅರ್ಧ ಗಂಟೆ ನಿದ್ದೆ ಮಾರಿದಂತೆಯೇ ಆಗಬಹುದು.

ಹಣಕ್ಕೆ ಹೊರತಾಗಿ ಕೆಲಸದ ರೂಪವೇ ಮನಸ್ಸನ್ನು ಹಿಡಿಯುವುದೂ ಉಂಟು. ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಎಂಬ ಇಬ್ಬರು ಸಂಶೋಧಕರು 1970ರ ದಶಕದಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಕೌಶಲಗಳ ವೈವಿಧ್ಯ, ಕೆಲಸದ ಇಡಿತನ, ಅದರ ಮಹತ್ವ, ಈ ಮೂರರ ಸರಾಸರಿ ತೆಗೆದು ಸ್ವಾತಂತ್ರ್ಯದಿಂದಲೂ ಫಲ ತಿಳಿಯುವ ಅವಕಾಶದಿಂದಲೂ ಗುಣಿಸಬೇಕು. ಪ್ರತಿಯೊಂದಕ್ಕೂ 1ರಿಂದ 7 ಅಂಕ. ಕಾವಲಿಯ ಮುಂದಿರುವ ದೋಸೆ ಭಟ್ಟರು ಹಿಟ್ಟು ಹುಯ್ದು, ಎಣ್ಣೆ ಬಿಟ್ಟು, ಮಡಚಿ, ತಟ್ಟೆಗೆ ಹಾಕುವವರೆಗೆ ಒಂದಿಡೀ ದೋಸೆ ಅವರದೇ. ಸೀದರೆ ಆ ಕ್ಷಣವೇ ಕಾಣುತ್ತದೆ. ಅವರಿಗೆ 5, 6, 5, ಮತ್ತೆ 5 ಹಾಗೂ 6 ಕೊಟ್ಟರೆ ಬರುವುದು 160. ಹಿಂದಿನ ಕೋಣೆಯಲ್ಲಿ ಚಟ್ನಿ ರುಬ್ಬುವವನಿಗೆ 2, 2, 5, ಮತ್ತೆ 2 ಹಾಗೂ 1. ಬರುವುದು 6. ವಾಪಸು ಬಂದ ಚಟ್ನಿ ಬಟ್ಟಲುಗಳು ಅವನ ಕಣ್ಣಿಗೆ ಬೀಳುವಂತೆ ಮಾಡಿದರೆ ಕೊನೆಯ ಅಂಕ 1ರಿಂದ 4ಕ್ಕೇರಿ 6 ಇದ್ದದ್ದು 24 ಆಗುತ್ತದೆ. ಖರ್ಚು ಒಂದು ಪೈಸೆಯೂ ಇಲ್ಲ.

ಬದಲಾವಣೆ ಫಲ ಕೊಟ್ಟಿತೇ ಎಂದು ಅಳೆಯುವಾಗಲೇ ಬಹಳ ಜನ ಮೋಸಹೋಗುವುದು. ಕೆಲಸ ತೀರಾ ಕೆಟ್ಟ ದಿನ ಬೈಯುತ್ತೇವೆ, ಮರುದಿನ ಅದು ತಾನಾಗಿ ಮಾಮೂಲಿಗೆ ಮರಳುತ್ತದೆ, ಬೈಗುಳ ಫಲಿಸಿತೆಂದು ತಿಳಿಯುತ್ತೇವೆ. ಇಸ್ರೇಲಿನ ವಿಮಾನ ಚಾಲನೆಯ ತರಬೇತುದಾರರಲ್ಲಿ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಕಂಡದ್ದು ಇದೇ ಭ್ರಮೆ. ಆದ್ದರಿಂದ ಟಬ್ಬು ತರುವ ಮೊದಲು ಎರಡು ವಾರ, ತಂದ ಮೇಲೆ ಎರಡು ವಾರ, ದಿನಕ್ಕೆ 20 ಮೇಜು ಆರಿಸಿ, ಗಿರಾಕಿ ಎದ್ದ ಕ್ಷಣದಿಂದ ಒರೆಸಿ ಮುಗಿಯುವವರೆಗಿನ ಸೆಕೆಂಡುಗಳನ್ನು ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಭಾನುವಾರವನ್ನು ಭಾನುವಾರದೊಂದಿಗೇ ಹೋಲಿಸಿ. ಹುಡುಗರಲ್ಲಿ ಬಹಳಷ್ಟು ಮಂದಿ ಹಬ್ಬಕ್ಕೆಂದು ಊರಿಗೆ ಹೋದ ವಾರಗಳನ್ನು ಲೆಕ್ಕದಿಂದ ಬಿಟ್ಟುಬಿಡಿ.