ಕೊಮೀಅ, ಕೊಮ್ಯೊ: ಒಂದಕ್ಕೆ ಮೂರು, ಇನ್ನೊಂದಕ್ಕೆ ಎರಡು ಯಾಕೆ?

ಪ್ರಶ್ನೆ: ಸ್ಪ್ಯಾನಿಷ್‌ನಲ್ಲಿ ‘ತಿನ್ನುತ್ತಿದ್ದ’ ಅನ್ನಲು ಕೊಮೀಅ, ‘ತಿಂದ’ ಅನ್ನಲು ಕೊಮ್ಯೊ. ಅವರ ಲಿಪಿಯಲ್ಲಿ ಎರಡಕ್ಕೂ ಐದೈದೇ ಅಕ್ಷರ. ಆದರೂ ಮೊದಲನೆಯದರಲ್ಲಿ ಮೂರು ಉಚ್ಚಾರಾಂಶ, ಎರಡನೆಯದರಲ್ಲಿ ಎರಡೇ ಅಂತಾರೆ. ಯಾಕೆ?

ಉತ್ತರ: ಎರಡನ್ನೂ ಕನ್ನಡದಲ್ಲಿ ಬರೆದು ನೋಡಿ. ಕೊ-ಮೀ-ಅ. ಕೊ-ಮ್ಯೊ. ಎರಡನೆಯದರಲ್ಲಿ ‘ಇ’ ಸ್ವರ ಯ ಒತ್ತಾಗಿ ಮಕಾರದ ಕೆಳಗೆ ಹೋಗಿ ಕೂತಿದೆ, ಅಲ್ವಾ? ಉತ್ತರ ಅಲ್ಲೇ ಇದೆ.

ಸ್ಪ್ಯಾನಿಷ್‌ನಲ್ಲಿ ಅ, ಎ, ಒ ಗಟ್ಟಿ ಸ್ವರಗಳು. ಇ, ಉ ಮೆತ್ತನೆಯವು. ಗಟ್ಟಿ ಸ್ವರದ ಪಕ್ಕ ಬಂದರೆ ಮೆತ್ತನೆಯದು ಅದರೊಳಗೆ ಕರಗುತ್ತದೆ, ಎರಡೂ ಸೇರಿ ಒಂದೇ ಉಚ್ಚಾರಾಂಶ. ಆದರೆ ಒತ್ತು ಕೊಟ್ಟು ಹೇಳುವುದು ಮೆತ್ತನೆಯ ಸ್ವರವನ್ನೇ ಆದರೆ ಅದು ಕರಗುವುದಿಲ್ಲ. ಕೊಮೀಅದಲ್ಲಿ ‘ಇ’ ಮೇಲಿರುವ ಸಣ್ಣ ಗೀಟು, ಅಂದರೆ ತಿಲ್ದೆ, ಹೇಳುವುದು ಅದನ್ನೇ. ಆ ಗೀಟು ಇಲ್ಲದಿದ್ದರೆ ಪದವನ್ನು ‘ಕೊ’ ಮೇಲೆ ಒತ್ತು ಹಾಕಿ ‘ಕೊಮ್ಯ’ ಅಂತ ಓದಬೇಕಾಗುತ್ತಿತ್ತು.

ನಮ್ಮ ಬಾಯಿಗೆ ‘ಕೊಮಿಯಾ’ ಸಲೀಸು. ನಡುವೆ ಯಕಾರ ನುಸುಳಿದರೆ ತೊಂದರೆ ಇಲ್ಲ, ಮೂರು ಮೂರೇ ಆಗಿ ಉಳಿಯುತ್ತದೆ. ಕೊನೆಯ ‘ಯಾ’ವನ್ನು ಮಾತ್ರ ಎಳೆಯಬೇಡಿ. ಒತ್ತು ಜಾರಿಹೋಗುತ್ತದೆ, ಒತ್ತು ಜಾರಿದರೆ ಅರ್ಥವೇ ಬದಲಾಗುವ ಪದಗಳಿವೆ. ‘ಆಬ್ಲೊ’ ಅಂತ ಮೊದಲನೆಯದನ್ನು ಒತ್ತಿದರೆ ‘ಮಾತಾಡುತ್ತೇನೆ’. ಕೊನೆಯದನ್ನು ಒತ್ತಿದರೆ ‘ಮಾತಾಡಿದ’!

ಇನ್ನೊಂದು ಗೊಂದಲ: ಉಚ್ಚಾರಾಂಶ ಒಡೆಯುವುದೇ ಬೇರೆ, ಪದದ ಭಾಗ ಬಿಡಿಸುವುದೇ ಬೇರೆ. ‘ನಾವು ತಿನ್ನುತ್ತಿದ್ದೆವು’ ಅನ್ನುವ ಕೊಮೀಅಮೊಸ್‌ನಲ್ಲಿ ಧಾತು ಕೊಮ್, ಕಾಲ ಹೇಳುವುದು ಈಅ, ‘ನಾವು’ ಅನ್ನುವುದು ಮೊಸ್. ನಾಲಿಗೆ ಒಡೆಯುವುದು ಕೊ-ಮೀ-ಅ-ಮೊಸ್ ಅಂತ. ಧಾತುವಿನ ಮಕಾರ ಮುಂದಿನ ಸ್ವರದ ಜೊತೆ ಹೋಗಿಬಿಡುತ್ತದೆ. ನಮ್ಮ ‘ತಿಂದನು’ ಕೂಡ ಹಾಗೇ. ಬಿಡಿಸಿದರೆ ತಿನ್, ದ್, ಅನು. ಹೇಳುವಾಗ ತಿಂ-ದ-ನು. ಕಾಲದ ‘ದ್’, ‘ಅನು’ವಿನ ಅಕಾರ ಎರಡೂ ಒಂದೇ ಅಕ್ಷರದೊಳಗೆ. ಹಾಗಾಗಿ ಕನ್ನಡ ಬಲ್ಲವರಿಗೆ ಇದು ಹೊಸತೇನಲ್ಲ.

ಒಂದೇ ಉಚ್ಚಾರಾಂಶದ ಪದಕ್ಕೆ ಸಾಮಾನ್ಯವಾಗಿ ತಿಲ್ದೆ ಬೇಕಿಲ್ಲ. ‘ಕೊಟ್ಟ’ ಅನ್ನುವ ದ್ಯೊ, ‘ನೋಡಿದ’ ಅನ್ನುವ ಬ್ಯೊ, ‘ಹೋದ’ ಅನ್ನುವ ಫ್ವೆ, ಇವುಗಳ ಮೇಲಿದ್ದ ಗೀಟನ್ನು ಸ್ಪ್ಯಾನಿಷ್ ಅಕಾಡೆಮಿ 1959ರ ನಿಯಮಗಳಲ್ಲಿ ತೆಗೆದುಹಾಕಿತು. ಹಳೇ ಪುಸ್ತಕದಲ್ಲಿ ಗೀಟು ಕಂಡರೆ ಮುದ್ರಣ ದೋಷ ಅಂದುಕೊಳ್ಳಬೇಡಿ.

ಬಾಯಿಪಾಠ ಮಾಡಲೇಬೇಕಾದ ಜಾಗವೂ ಒಂದಿದೆ. ‘ಬದಲಾಯಿಸು’ ಅನ್ನುವ ಕಾಂಬ್ಯಾರ್, ‘ಕಳಿಸು’ ಅನ್ನುವ ಎಂಬ್ಯಾರ್ ಒಂದೇ ಥರ ಕೇಳಿಸುತ್ತವೆ. ಆದರೆ ‘ನಾನು’ ರೂಪದಲ್ಲಿ ಮೊದಲನೆಯದು ಕಾಂ-ಬ್ಯೊ, ಎರಡನೆಯದು ಎಂ-ಬೀ-ಒ. ಯಾವುದು ಹೇಗೆ ಅಂತ ಮೂಲರೂಪ ನೋಡಿ ಹೇಳಲಾಗದು. ಹೀಗೆ ಮುಗಿಯುವ ಕ್ರಿಯಾಪದ ಸಿಕ್ಕಾಗಲೆಲ್ಲ ಅದರ ‘ನಾನು’ ರೂಪವನ್ನೂ ಜೊತೆಗೇ ಬರೆದಿಟ್ಟುಕೊಳ್ಳಿ.