ಅಕಾಡೆಮಿ ಪ್ರಶಸ್ತಿಗೆ ಕಾದಂಬರಿ ಆಯ್ಕೆ ಆಗುವುದು ಹೇಗೆ?

ಮೊನ್ನೆ ಮಾನಸಗಂಗೋತ್ರಿಯಲ್ಲಿ ಓದಲು ಕೂತಾಗ ಗೆಳತಿಯೊಬ್ಬಳು ಕೇಳಿದಳು: "ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅಂದ್ರೆ ಹೋದ ವರ್ಷ ಬಂದ ಒಳ್ಳೆ ಕಾದಂಬರಿಗೆ ಕೊಡೋದು, ಅಲ್ವಾ?" ಹೋದ ವರ್ಷದ್ದೂ ಅಲ್ಲ, ಕಾದಂಬರಿಗೆ ಮಾತ್ರವೂ ಅಲ್ಲ. ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಅದಕ್ಕೇ ಈ ಟಿಪ್ಪಣಿ.

ಮೊದಲು ವರ್ಷದ ಲೆಕ್ಕ. 2023ರ ಪ್ರಶಸ್ತಿಗೆ ಪರಿಗಣಿಸಿದ್ದು 2017ರ ಜನವರಿ 1ರಿಂದ 2021ರ ಡಿಸೆಂಬರ್ 31ರೊಳಗೆ ಮೊದಲ ಬಾರಿ ಅಚ್ಚಾದ ಪುಸ್ತಕಗಳನ್ನು. ಐದು ವರ್ಷದ ಪುಸ್ತಕಗಳು, ನಡುವೆ 2022 ಬಿಟ್ಟುಹೋಗಿದೆ. ಈ ಬಿಡುವು ನನಗೆ ತುಂಬಾ ಇಷ್ಟ. ಬಿಡುಗಡೆಯ ಗದ್ದಲ ಅಡಗಿದ ಮೇಲೂ ಓದಿಸಿಕೊಳ್ಳುವ ಪುಸ್ತಕ ಯಾವುದು ಅಂತ ಗೊತ್ತಾಗಲು ಸ್ವಲ್ಪ ಕಾಲ ಬೇಕು.

ಇನ್ನು ಆಯ್ಕೆ. ಮೊದಲು ತಜ್ಞರು ಅರ್ಹ ಪುಸ್ತಕಗಳ ಪಟ್ಟಿ ಮಾಡುತ್ತಾರೆ. ಭಾಷೆಯ ಸಲಹಾ ಮಂಡಳಿಯ ಸದಸ್ಯರೂ ಅದಕ್ಕೆ ಹೆಸರು ಸೇರಿಸಬಹುದು. ಆಮೇಲೆ ಹತ್ತು ಜನರು ತಲಾ ಎರಡು ಪುಸ್ತಕ ಸೂಚಿಸುತ್ತಾರೆ. ಕೊನೆಗೆ ಮೂವರು ತೀರ್ಪುಗಾರರು ಕೂತು ಒಂದನ್ನು ಆರಿಸುತ್ತಾರೆ. ಮೂವರೂ ಒಪ್ಪಿದರೆ ಸರಿ, ಇಲ್ಲದಿದ್ದರೆ ಇಬ್ಬರ ಮಾತೇ ನಡೆಯುತ್ತದೆ. ಯಾವ ಪುಸ್ತಕವೂ ತಕ್ಕದ್ದಲ್ಲ ಅನ್ನಿಸಿದರೆ ಆ ವರ್ಷ ಆ ಭಾಷೆಗೆ ಪ್ರಶಸ್ತಿಯೇ ಇಲ್ಲ. ಆಯ್ಕೆಗೆ ಅಕಾಡೆಮಿಯ ಕಾರ್ಯಕಾರಿ ಮಂಡಳಿ ಒಪ್ಪಿಗೆ ಕೊಡಬೇಕು. ಅನುವಾದ ಇಲ್ಲಿಗೆ ಬರುವುದಿಲ್ಲ, ಅದಕ್ಕೆ ಬೇರೆ ಪ್ರಶಸ್ತಿ ಇದೆ. ಒಮ್ಮೆ ಪಡೆದವರಿಗೆ ಮತ್ತೆ ಕೊಡುವುದಿಲ್ಲ. ಮೊತ್ತ 1 ಲಕ್ಷ ರೂಪಾಯಿ, ಜೊತೆಗೆ ತಾಮ್ರಫಲಕ.

ನಿಜವಾದ ಕಷ್ಟ ಇರುವುದು ಇನ್ನೊಂದು ಕಡೆ. 24 ಭಾಷೆಗಳಿಗೆ ತಲಾ ಒಂದೇ ಪ್ರಶಸ್ತಿ. ಕಾದಂಬರಿಗೆ ಅಂತ ಪ್ರತ್ಯೇಕ ಜಾಗ ಇಲ್ಲ. ಕವನ, ನಾಟಕ, ವಿಮರ್ಶೆ, ಪ್ರಬಂಧ ಎಲ್ಲದರ ಜೊತೆಗೂ ಅದು ಸೆಣಸಬೇಕು. 1955ರಲ್ಲಿ ಕನ್ನಡಕ್ಕೆ ಮೊದಲು ಬಂದಿದ್ದು ಮಹಾಕಾವ್ಯಕ್ಕೆ: ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ'. ನಮ್ಮ ಮೈಸೂರಿನಲ್ಲೇ ಬಾಳಿದ ಎಸ್.ಎಲ್. ಭೈರಪ್ಪನವರಿಗೆ 1975ರಲ್ಲಿ 'ದಾಟು' ಕಾದಂಬರಿಗೆ ಬಂತು. 1987ರಲ್ಲಿ ತೇಜಸ್ವಿಯವರ 'ಚಿದಂಬರ ರಹಸ್ಯ'ಕ್ಕೆ. 2023ರಲ್ಲಿ ಲಕ್ಷ್ಮೀಶ ತೋಳ್ಪಾಡಿಯವರ ಪ್ರಬಂಧಗಳಿಗೆ, 2024ರಲ್ಲಿ ಕೆ.ವಿ. ನಾರಾಯಣ ಅವರ ವಿಮರ್ಶೆಗೆ.

ಒಳ್ಳೆಯ ಕಾದಂಬರಿಯನ್ನೂ ಒಳ್ಳೆಯ ಕವನ ಸಂಕಲನವನ್ನೂ ಯಾವ ತಕ್ಕಡಿಯಲ್ಲಿ ತೂಗುವುದು? ಸುಮ್ನೆ ಯೋಚಿಸಿದರೆ ಇದು ತಿಳಿಯುವುದಿಲ್ಲ. ಅದಕ್ಕೇ ಬರುವ ಭಾನುವಾರ ನಾವು ಮೂವರು 'ದಾಟು' ಜೊತೆ ಒಂದು ಕವನ ಸಂಕಲನ ಇಟ್ಟುಕೊಂಡು ಕುಕ್ಕರಹಳ್ಳಿ ಕೆರೆಯ ಹತ್ತಿರ ಕೂರುತ್ತಿದ್ದೇವೆ. ಎರಡನ್ನೂ ಪೂರ್ತಿ ಓದಿದವರು ಬನ್ನಿ.